ಕಂಪನಿ ನಾಟಕದಿಂದ ಮನೆಮಂದಿ ಎದ್ದುಹೋದದ್ದೇಕೆ?

ಗದಗ ಸೀಮೆಯಲ್ಲಿ ‘ಕಂಪನಿ’ ಎಂದರೆ ಬಹುಕಾಲ ನಾಟಕದ ಕಂಪನಿ ಎಂದೇ ಅರ್ಥ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗಿ, ಊರ ಬಯಲಿನಲ್ಲಿ ತಗಡಿನ ಥೇಟರು ಎದ್ದಿತೆಂದರೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟುತ್ತಿದ್ದವು. ಮುದುಕರು, ಸೊಸೆಯಂದಿರು, ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು, ಬೆಳಗಿನ ಜಾವದವರೆಗೆ ನಾಟಕ ನೋಡಿ ಮರಳುತ್ತಿದ್ದರು. ಅದೇ ಜನ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ‘ಹೆಣ್ಣುಮಕ್ಕಳನ್ನ ಕರಕೊಂಡು ಹೋಗೋ ನಾಟಕ ಅಲ್ಲ’ ಎನ್ನತೊಡಗಿದರು. ಈ ಅಸಮಾಧಾನ ನಾಟಕದ ಮೇಲಿನದಲ್ಲ. ಕಂಪನಿಗಳು ಹಿಡಿದ ದಾರಿಯ ಮೇಲಿನದು.

ವಿಚಿತ್ರವೆಂದರೆ, ಇಲ್ಲಿ ಕನ್ನಡ ಕಂಪನಿ ಹುಟ್ಟಿದ್ದೂ ಅತೃಪ್ತಿಯಿಂದಲೇ. ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ ಆಡಿಸಿದರು. ಅದಕ್ಕೆ ಪ್ರೇರಣೆ ಕರ್ನಾಟಕದಿಂದ ಅಲ್ಲಿಗೆ ಹೋಗಿದ್ದ ಭಾಗವತರ ಮೇಳ. ಬಳಿಕ ಮರಾಠಿ ಮಂಡಳಿಗಳು ಇತ್ತ ಬರತೊಡಗಿದವು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಕನ್ನಡಿಗರು ದುಡ್ಡು ಕೊಟ್ಟು ಪರಭಾಷೆಯ ನಾಟಕ ನೋಡಬೇಕಾದ ಸ್ಥಿತಿ ಗದುಗಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಸಕ್ಕರಿ ಬಾಳಾಚಾರ್ಯರಿಗೆ, ಅಂದರೆ ‘ಶಾಂತಕವಿ’ಗಳಿಗೆ (1856–1920) ಸರಿಬರಲಿಲ್ಲ. 1870ರ ದಶಕದಲ್ಲಿ ಅವರು ಕಟ್ಟಿದ ಮಂಡಳಿಯ ಹೆಸರು ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ. ಕೃತಪುರವೆಂದರೆ ಗದಗ. ಅವರ ‘ಉಷಾಹರಣ’ ಕನ್ನಡ ರಂಗಭೂಮಿಗೆ ಹೊಸ ದಾರಿ ತೆರೆಯಿತು.

ಆ ದಾರಿಯಲ್ಲಿ ಅನೇಕರು ನಡೆದರು. ಶಿರಹಟ್ಟಿ ವೆಂಕೋಬರಾಯರ ಕಂಪನಿ ಊರಿನ ಹೆಸರನ್ನೇ ನಾಡಿನಲ್ಲೆಲ್ಲ ಹರಡಿತು. ಲಕ್ಷ್ಮೇಶ್ವರದ ಬಚ್ಚಾಸಾನಿಯವರ ಸ್ತ್ರೀ ನಾಟಕ ಮಂಡಳಿ, ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನೇ ರಂಗದ ಮೇಲೆ ತಂದಿತು. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ‘ಪಾದುಕಾ ಪಟ್ಟಾಭಿಷೇಕ’, ‘ಎಚ್ಚಮನಾಯಕ’, ‘ವಿಷಮ ವಿವಾಹ’ಗಳಿಂದ ಮನೆಮಾತಾಯಿತು. ಪುರಾಣ, ಇತಿಹಾಸ, ಸಮಾಜ ಸುಧಾರಣೆ ಮೂರೂ ಒಂದೇ ಕಂಪನಿಯ ಬತ್ತಳಿಕೆಯಲ್ಲಿದ್ದವು. ಸಂಗೀತದ ಮಟ್ಟವೂ ಕಡಿಮೆಯದಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅಂಥವರು ಎಳವೆಯಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ.

ಕಂಪನಿ ನಾಟಕದ ಮೇಲೆ ಆಕ್ಷೇಪಣೆಗಳು ಆಗಲೂ ಇರಲಿಲ್ಲವೆಂದಲ್ಲ. ಹಾಡು, ಪರದೆ, ಥಳಕು ಹೆಚ್ಚಾಗಿ ಬದುಕು ಕಾಣುವುದಿಲ್ಲವೆಂದು ಕೈಲಾಸಂ, ಶ್ರೀರಂಗರಂಥವರು ಬೇರೆ ಬಗೆಯ ನಾಟಕವನ್ನೇ ಬರೆದರು. ಆದರೆ ಅದು ಓದಿದವರ ಆಕ್ಷೇಪಣೆ. ಜಾತ್ರೆಯ ಪ್ರೇಕ್ಷಕ ಕಂಪನಿಯನ್ನು ಬಿಟ್ಟಿರಲಿಲ್ಲ.

1934ರಲ್ಲಿ ‘ಸತಿ ಸುಲೋಚನಾ’ದೊಂದಿಗೆ ಕನ್ನಡ ಚಿತ್ರ ಮಾತನಾಡತೊಡಗಿತು. ಕಂಪನಿಗಳಿಗೆ ಪೆಟ್ಟು ಬಿತ್ತಾದರೂ ಅವು ಸಾಯಲಿಲ್ಲ. ಪುರಾಣದಿಂದ ಸಂಸಾರದ ಕಥೆಗಳತ್ತ ಹೊರಳಿ ಬದುಕಿಕೊಂಡವು. ಪಿ.ಬಿ. ಧುತ್ತರಗಿಯವರ ‘ಮಲಮಗಳು’, ‘ಸಂಪತ್ತಿಗೆ ಸವಾಲ್’ ಈ ಮಾತಿಗೆ ಸಾಕ್ಷಿ. ಎರಡನೆಯದು 1974ರಲ್ಲಿ ರಾಜಕುಮಾರ್ ಅಭಿನಯದ ಚಿತ್ರವೂ ಆಯಿತು. ಸಿನಿಮಾಕ್ಕೆ ಹೆದರಿದ ಕಂಪನಿಯಿಂದಲೇ ಸಿನಿಮಾ ಕಥೆ ಕಡ ಪಡೆಯಿತು!

ತೊಡಕು ಬಂದದ್ದು ಹಾಸ್ಯದಲ್ಲಿ. ಹಾಸ್ಯಪಾತ್ರ ಕಂಪನಿಯಲ್ಲಿ ಮೊದಲಿನಿಂದಲೂ ಇತ್ತು. ಗಂಭೀರ ಪ್ರಸಂಗಗಳ ನಡುವೆ ಪರದೆ ಬದಲಿಸಲು ಬಿಡುವು ಒದಗಿಸುವುದು ಅದರ ಕೆಲಸಗಳಲ್ಲೊಂದು. ಟಿ.ವಿ., ವಿಡಿಯೊಗಳು ಮನೆ ಹೊಕ್ಕ ಮೇಲೆ ಕಲೆಕ್ಷನ್ ಇಳಿಯಿತು. ಪಗಾರ, ಜಾಗದ ಬಾಡಿಗೆ, ಸಾಗಾಟದ ಖರ್ಚು ಇಳಿಯಲಿಲ್ಲ. ಮಾಲೀಕನಿಗೆ ಆ ರಾತ್ರಿಯ ಗಲ್ಲಾಪೆಟ್ಟಿಗೆ ತುಂಬಬೇಕು. ಸಿಳ್ಳೆ ಬಿದ್ದ ಮಾತು ಮರುದಿನ ಇನ್ನಷ್ಟು ಲಂಬಿಸಿತು; ಬರೆದ ಮಾತಿನ ಜಾಗದಲ್ಲಿ ಆ ಕ್ಷಣಕ್ಕೆ ಹೊಳೆದ ದ್ವಂದ್ವಾರ್ಥ ಬಂದು ಕೂತಿತು. ಹಿಂದೆ ‘ಒನ್ಸ್ ಮೋರ್’ ಹಾಡಿಗೆ ಸಿಗುತ್ತಿತ್ತು. ಈಗ ಪೋಲಿ ಮಾತಿಗೆ ಸಿಗತೊಡಗಿತು. ಕಥೆ ಹಾಸ್ಯದ ನಡುವಿನ ಬಿಡುವಾಯಿತು.

ಸಿಳ್ಳೆ ಹಾಕಿದವರು ಕಂಪನಿಗೆ ಕೇಳಿಸಿದರು. ಸದ್ದಿಲ್ಲದೆ ಎದ್ದುಹೋದ ಹೆಣ್ಣುಮಕ್ಕಳು ಕೇಳಿಸಲಿಲ್ಲ. ಒಬ್ಬ ತಾಯಿ ಬರುವುದನ್ನು ಬಿಟ್ಟರೆ ಅವಳ ಮಕ್ಕಳೂ ಬರುವುದಿಲ್ಲ. ಆ ಮಕ್ಕಳು ನಾಳೆ ಪ್ರೇಕ್ಷಕರಾಗುವುದಿಲ್ಲ. ಒಂದು ಕ್ಯಾಂಪು ಉಳಿಸಲು ಹೋಗಿ ಒಂದು ತಲೆಮಾರನ್ನು ಕಳೆದುಕೊಂಡಂತಾಯಿತು. ಇದರ ನೋವು ಹೆಚ್ಚು ತಟ್ಟಿದ್ದು ನಟಿಯರಿಗೆ. ಆ ಮಾತುಗಳನ್ನು ಬರೆದವರು ಅವರಲ್ಲ. ಆದರೆ ಊರ ಬಾಯಿಗೆ ಸಿಕ್ಕವರು ಅವರೇ.

ಬೇರೆ ದಾರಿಯೂ ಇತ್ತೆಂಬುದಕ್ಕೆ ಗದುಗಿನಲ್ಲೇ ಉದಾಹರಣೆಯಿದೆ. ಪಂಚಾಕ್ಷರಿ ಗವಾಯಿಗಳ (1892–1944) ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳ ಅನ್ನ, ವಿದ್ಯೆಗೆ ನೆರವಾಗಲೆಂದು ನಾಟಕ ಕಂಪನಿಯನ್ನೇ ನಡೆಸಿತು. ಪುಟ್ಟರಾಜ ಗವಾಯಿಗಳು (1914–2010) ಅದಕ್ಕಾಗಿ ನಾಟಕಗಳನ್ನು ಬರೆದರು. ಅಲ್ಲೂ ಟಿಕೆಟು ಮಾರಲೇಬೇಕಿತ್ತು, ಹೊಟ್ಟೆ ತುಂಬಿಸಲೇಬೇಕಿತ್ತು. ಆದರೆ ಶರಣರ ಚರಿತ್ರೆ ಮತ್ತು ಸಂಗೀತವನ್ನು ನೆಚ್ಚಿದ ಆ ಕಂಪನಿಗೆ ಮನೆಮಂದಿಯ ವಿಶ್ವಾಸವೇ ಬಂಡವಾಳವಾಗಿತ್ತು.

ಇಂದಿಗೂ ಬನಶಂಕರಿಯಂಥ ಜಾತ್ರೆಗಳಲ್ಲಿ ಕಂಪನಿಗಳು ಥೇಟರು ಹಾಕುತ್ತವೆ. ಅವನ್ನೇ ನೆಚ್ಚಿದ ಕಲಾವಿದರ ಸಂಸಾರಗಳಿವೆ. ಅವರ ಕಷ್ಟಕ್ಕೆ ಅಶ್ಲೀಲವೊಂದೇ ಕಾರಣವೆಂದರೆ ಅನ್ಯಾಯವಾದೀತು. ಆದರೆ ಶಾಂತಕವಿಗಳು ಅತೃಪ್ತ ಪ್ರೇಕ್ಷಕರ ಮನಸ್ಸನ್ನು ಅರಿತು ಕಂಪನಿ ಕಟ್ಟಿದರೆ, ಅವರ ನಂತರದ ಕೆಲವರು ಆ ಮನಸ್ಸನ್ನು ಓದಲಾರದೆ ಹೋದರು. ಎದ್ದುಹೋದವರು ನಾಟಕವನ್ನು ಬೇಡವೆಂದವರಲ್ಲ. ಹಿರಿಯರು ಇಂದಿಗೂ ಕಂಪನಿಯ ಹಾಡು ಗುನುಗುವ ಮನೆಗಳು ಗದಗ-ಬೆಟಗೇರಿಯಲ್ಲಿ ಕಡಿಮೆಯಿಲ್ಲ.