ಇಪ್ಪತ್ತು ಚಕ್ರಗಳ ಬಂಡಿ: ಕಾರ್ಕಳದ ಗೊಮ್ಮಟನ ಪಯಣ

ತುಳುನಾಡಿನ ಜೈನ ಇತಿಹಾಸದಲ್ಲಿ ಕಾರ್ಕಳದ ಗೊಮ್ಮಟೇಶ್ವರ ಮೂರ್ತಿಗೆ ವಿಶಿಷ್ಟ ಸ್ಥಾನವಿದೆ. ಭೈರರಸ ವಂಶದ ವೀರಪಾಂಡ್ಯನು ಗುರು ಲಲಿತಕೀರ್ತಿಗಳ ಉಪದೇಶದಂತೆ ಈ ಮೂರ್ತಿಯನ್ನು ಮಾಡಿಸಿ, 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದನು. ದೊರೆಯ ಭಕ್ತಿಯನ್ನು ಎಲ್ಲರೂ ಸ್ಮರಿಸುತ್ತಾರೆ. ಆ ಭಕ್ತಿಯನ್ನು ಬೆಟ್ಟಕ್ಕೇರಿಸಿದ ಕೈಗಳ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಶ್ರವಣಬೆಳಗೊಳದ ಬಾಹುಬಲಿಯನ್ನು ಬೆಟ್ಟದ ಬಂಡೆಯಲ್ಲಿಯೇ ಕಡೆಯಲಾಯಿತು. ಅಲ್ಲಿ ಸಾಗಾಟದ ಪ್ರಶ್ನೆಯಿರಲಿಲ್ಲ. ಕಾರ್ಕಳದ್ದು ಬೇರೆಯೇ ಬಗೆಯ ಸಾಹಸ. ಸುಮಾರು 42 ಅಡಿ ಎತ್ತರದ, 80 ಟನ್ ತೂಕವೆಂದು ಅಂದಾಜಿಸಲಾದ ಏಕಶಿಲೆಯನ್ನು ಬೇರೆಡೆಯಿಂದ ನುಣುಪಾದ ಬಂಡೆಯ ನೆತ್ತಿಗೆ ತರಬೇಕಾಗಿತ್ತು.

ಈ ಕಾರ್ಯದ ವಿವರಗಳು ಉಳಿದಿರುವುದು ಕವಿ ಚಂದ್ರಮನಿಂದ. 1646ರಲ್ಲಿ ರಚಿತವಾದ ಅವನ ಸಾಂಗತ್ಯ ಕೃತಿ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯು ಪ್ರತಿಷ್ಠೆಗಿಂತ ಎರಡು ಶತಮಾನ ಈಚಿನದಾದುದರಿಂದ ಅದನ್ನು ಪ್ರತ್ಯಕ್ಷ ಸಾಕ್ಷ್ಯವೆನ್ನಲಾಗದು. ಆದರೂ ಅದರಲ್ಲಿ ಕುಶಲಕರ್ಮಿಗಳ ನೆನಪು ಇದೆ. ಅದರ ಪ್ರಕಾರ, ಮೂರ್ತಿಗಾಗಿಯೇ ಇಪ್ಪತ್ತು ಚಕ್ರಗಳ ನೀಳವಾದ ಬಂಡಿಯನ್ನು ಕಟ್ಟಲಾಯಿತು. ಜನರು ಹಗ್ಗ ಹಿಡಿದು ಎಳೆದರು. ನೆತ್ತಿ ತಲುಪಲು ಒಂದು ತಿಂಗಳು ಹಿಡಿಯಿತು. ಅಲ್ಲಿ ಇಪ್ಪತ್ತೆರಡು ಕಂಬಗಳ ತಾತ್ಕಾಲಿಕ ಮಂಟಪದಲ್ಲಿ, ಮಲಗಿಸಿದ ಸ್ಥಿತಿಯಲ್ಲಿಯೇ, ಒಂದು ವರ್ಷಕ್ಕೂ ಮಿಕ್ಕಿ ಉಳಿದ ಕೆತ್ತನೆ ನಡೆಯಿತು.

ಈ ವಿವರಗಳಲ್ಲಿ ವಿವೇಕವಿದೆ. ಇಪ್ಪತ್ತು ಚಕ್ರಗಳಿಗೆ ಭಾರ ಸಮನಾಗಿ ಹಂಚಿಹೋದರೆ ಒಂದೊಂದಕ್ಕೆ ಸುಮಾರು ನಾಲ್ಕು ಟನ್. ನಾಲ್ಕೇ ಚಕ್ರಗಳಾಗಿದ್ದರೆ ಇಪ್ಪತ್ತು ಟನ್ ಬೀಳುತ್ತಿತ್ತು. ಅಚ್ಚು ಮುರಿಯದೆ ಇರುತ್ತಿರಲಿಲ್ಲ. ಸೂಕ್ಷ್ಮವಾದ ಕೆಲಸವನ್ನು ಪಯಣದ ಬಳಿಕ ಮುಗಿಸಿದುದರಿಂದ ಅವಯವಗಳು ಭಂಗವಾಗುವ ಭಯವೂ ತಗ್ಗಿತು.

ಇದೇ ಕಾರ್ಕಳ ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಬ್ಬ ಬಾಹುಬಲಿಯನ್ನು ಕಳುಹಿಸಿಕೊಟ್ಟಿತು. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರು ಸಂಕಲ್ಪಿಸಿದ 39 ಅಡಿಯ ಮೂರ್ತಿಯನ್ನು, ಎಪ್ಪತ್ತು ದಾಟಿದ ವಯಸ್ಸಿನ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಇಲ್ಲಿಯೇ ಕಡೆದರು. ಸುಮಾರು 170 ಟನ್ನಿನ ಆ ಶಿಲೆಯನ್ನು 1973ರಲ್ಲಿ 64 ಚಕ್ರಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಒಯ್ಯಲಾಯಿತು. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ 1982ರಲ್ಲಿ ಪ್ರತಿಷ್ಠೆ ನೆರವೇರಿತು. ಎಳೆದದ್ದು ಯಂತ್ರ, ಉಪಾಯ ಮಾತ್ರ ಹಳೆಯದೇ: ಭಾರವನ್ನು ಹಂಚು, ನಿಧಾನವಾಗಿ ಸಾಗು.

ಶೆಣೈಯವರ ಹೆಸರನ್ನು ನಾಡು ಬಲ್ಲದು. ಚಂದ್ರಮನ ಬಂಡಿಗೆ ಚಕ್ರ ಕೂಡಿಸಿದ ಬಡಗಿ, ಹಗ್ಗ ಹೊಸೆದವರು, ಇಳಿಜಾರಿನಲ್ಲಿ ಬಂಡಿಯನ್ನು ತಡೆದು ನಿಲ್ಲಿಸಿದವರು ಅನಾಮಿಕರಾಗಿಯೇ ಉಳಿದರು. ಎಲ್ಲವನ್ನೂ ತ್ಯಜಿಸಿ ನಿಂತವನನ್ನು ನಿಲ್ಲಿಸಿದವರು ತಮ್ಮ ಹೆಸರನ್ನೂ ತ್ಯಜಿಸಿದಂತಾಯಿತು. ಆದರೆ ಅವರ ತ್ಯಾಗ ಸ್ವಯಂಪ್ರೇರಿತವಲ್ಲ, ಬರೆಯುವವರ ಮರೆವು. ಕಾರ್ಕಳದ ಬೆಟ್ಟವೇರುವವರು ಬಾಹುಬಲಿಗೆ ಕೈಮುಗಿಯುವಾಗ ಆ ಕೈಗಳನ್ನೂ ನೆನೆಯುವುದು ಉಚಿತ.