ಪಸ್ಕಹಬ್ಬದ ಅಡಿಗೆಮನೆಯಲ್ಲಿ ಆಲೂಗಡ್ಡೆ

ಸಾಂಬಾರು ನೀರಾಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಚಮಚ ಅಕ್ಕಿಹಿಟ್ಟನ್ನು ಕದಡಿ ಬಿಡುತ್ತಾರೆ. ಯೂರೋಪಿನಲ್ಲಿ ಆ ಕೆಲಸ ಗೋಧಿಹಿಟ್ಟಿನದು. ಯೆಹೂದ್ಯರ ಮನೆಯಲ್ಲಾದರೋ ವಸಂತದ ಪಸ್ಕಹಬ್ಬದ ಏಳೆಂಟು ದಿನ ಆ ಹಿಟ್ಟು ಹೊಸಿಲು ದಾಟುವಂತಿಲ್ಲ. ಈಜಿಪ್ಟಿನ ದಾಸ್ಯದಿಂದ ಪಾರಾದ ಪೂರ್ವಿಕರಿಗೆ ಹಿಟ್ಟು ಹುದುಗುವಷ್ಟೂ ವ್ಯವಧಾನವಿರಲಿಲ್ಲವೆಂಬ ನೆನಪಿಗೆ ಈ ಕಟ್ಟಳೆ. ಗೋಧಿ, ಜವೆಗೋಧಿ, ರೈ, ಓಟ್ಸ್, ಗೋಧಿಯ ದಾಯಾದಿಯಾದ ಸ್ಪೆಲ್ಟ್ – ಈ ಐದರ ಹಿಟ್ಟು ನೀರು ಸೋಕಿ 18 ನಿಮಿಷ ಸುಮ್ಮನೆ ಕುಳಿತರೆ ಹುದುಗಿದ್ದೆಂದೇ ಲೆಕ್ಕ.

ಅಕ್ಕಿಗೆ ಈ ದೋಷವಿಲ್ಲ. ಪಸ್ಕದ ರಾತ್ರಿಯ ಎರಡು ವ್ಯಂಜನಗಳಲ್ಲಿ ಒಂದು ಅನ್ನವಾಗಬಹುದೆಂದು ಟಾಲ್ಮುಡ್ಡಿನಲ್ಲಿ ರಾವ್ ಹೂನಾ ಹೇಳಿದ್ದಾರೆ. ಕೊಚ್ಚಿಯ ಯೆಹೂದ್ಯರು ಹಬ್ಬದಲ್ಲೂ ಅನ್ನ ಬಿಟ್ಟವರಲ್ಲ. ಆದರೆ 13ನೆಯ ಶತಮಾನದ ಫ್ರಾನ್ಸಿನಲ್ಲಿ ಅಕ್ಕಿ, ಬೇಳೆಕಾಳುಗಳನ್ನೂ ವರ್ಜಿಸುವ ರೂಢಿ ಕಾಣಿಸಿಕೊಂಡಿತು. ಅವನ್ನೂ ಬೀಸುತ್ತಾರೆ, ಅವುಗಳಿಂದಲೂ ಗಂಜಿ ಕಾಯಿಸುತ್ತಾರೆ, ತಿಳಿಯದವರು ಭೇದ ಕಾಣದೆ ಹೋದಾರು ಎಂಬ ಅಂಜಿಕೆ. ರೂಢಿ ಜರ್ಮನಿ, ಪೋಲೆಂಡುಗಳಲ್ಲಿ ಬೇರೂರಿತು. ಅದರ ಭಾರ ಬಿದ್ದದ್ದು ಬಡವರ ಮೇಲೆ. 18ನೆಯ ಶತಮಾನದಲ್ಲಿ ಹ್ಯಾಂಬುರ್ಗ್ ಬಳಿಯ ಆಲ್ಟೋನಾದ ಧರ್ಮಪಂಡಿತ ಯಾಕೋಬ್ ಎಮ್ಡೆನ್ ಇದನ್ನು ಕಟುವಾಗಿ ಆಕ್ಷೇಪಿಸಿದರು: ಕಾಳಿಲ್ಲದ ದೊಡ್ಡ ಸಂಸಾರ ರಾಶಿ ರಾಶಿ ಹಬ್ಬದ ರೊಟ್ಟಿ ಸುಡಬೇಕಾಗುತ್ತದೆ, ಆ ಆತುರದಲ್ಲಿ ಮೂಲ ಕಟ್ಟಳೆಯೇ ತಪ್ಪೀತು. ನನಗೆ ಈ ವಾದ ತೂಕದ್ದಾಗಿ ಕಾಣುತ್ತದೆ. ರೂಢಿ ಮಾತ್ರ ಜಗ್ಗಲಿಲ್ಲ.

ಅಷ್ಟರಲ್ಲಿ ಅಮೆರಿಕ ಖಂಡದಿಂದ ಇಬ್ಬರು ಹೊಸ ಅತಿಥಿಗಳು ಬಂದಿದ್ದರು. ಮುಸುಕಿನ ಜೋಳ ನಿಷಿದ್ಧರ ಪಂಕ್ತಿಗೆ ಸೇರಿತು. ಆಲೂಗಡ್ಡೆ ಬಹುಮಟ್ಟಿಗೆ ಪಾರಾಯಿತು. ಒಂದು ಕಾಳು, ಇನ್ನೊಂದು ಗಡ್ಡೆ ಎಂಬುದು ನಿಜ. ಆದರೂ ಭಾಷೆಯ ಮೇಷ್ಟರಾದ ನನಗೆ ಹೆಸರಿನ ಕೈವಾಡವೂ ಇದ್ದೀತೆಂದು ಗುಮಾನಿ. ಜರ್ಮನರು ಮೊದಲನೆಯದನ್ನು ‘ತುರ್ಕಿ ಗೋಧಿ’ ಎಂದರು (ನಾವೂ ಅದನ್ನು ಜೋಳದ ಕುಲಕ್ಕೇ ಸೇರಿಸಿಲ್ಲವೆ?). ಎರಡನೆಯದು ಯೆಹೂದ್ಯರ ಯಿಡ್ಡಿಷ್ ನುಡಿಯಲ್ಲಿ ‘ನೆಲದ ಸೇಬು’ ಆಯಿತು. ಸೇಬಿಗೆ ಯಾರ ತಕರಾರು?

ಹೀಗೆ ಆಲೂಗಡ್ಡೆಯ ಪಿಷ್ಟ, ನೋಡಲು ಮೈದಾಹಿಟ್ಟಿನ ಅವಳಿಯಂತಿರುವ ಪುಡಿ, ಗೋಧಿಹಿಟ್ಟಿನ ಜಾಗದಲ್ಲಿ ಕುಳಿತಿತು. ಹಬ್ಬದ ರೊಟ್ಟಿ ಮಾಟ್ಸಾದ ಪುಡಿಯೂ ಉಂಟು. ಸುಟ್ಟ ರೊಟ್ಟಿಗೂ ನೀರು ತಾಕಿಸದ ಹಸೀದೀ ಮನೆಗಳಲ್ಲಿ ಅದು ನಡೆಯದು. ಸ್ಪೇನ್ ಮೂಲದವರು ಮೊಟ್ಟೆಗೆ ನಿಂಬೆರಸ ಕೂಡಿಸಿ ಮೀನಿನ ಸಾರನ್ನು ಮಂದಮಾಡುತ್ತಾರೆ.

2015ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ ಅಕ್ಕಿ, ಕಾಳುಗಳಿಗೆ ಅನುಮತಿ ಕೊಟ್ಟಿತು. ಸಂಪ್ರದಾಯನಿಷ್ಠ ಜರ್ಮನ್, ಪೋಲಿಷ್ ಮೂಲದ ಮನೆಗಳು ಅದನ್ನು ಒಪ್ಪಿಲ್ಲ. ಅಲ್ಲಿ ಈಗಲೂ ಆಲೂಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ, ಕೊನೆಯಲ್ಲಿ ಪಾತ್ರೆಗೆ ಸುರಿದು, ಮಂದವಾಗುತ್ತಲೇ ಇಳಿಸುತ್ತಾರೆ. ಹೆಚ್ಚು ಕುದಿಸಿದರೆ ಮತ್ತೆ ನೀರಾಗುತ್ತದೆ.