ಡಬ್ಬಾ ಸಿನಿಮಾ

ತಯಾರಿಕೆಯ ಹುಳುಕು ಎದ್ದು ಕಾಣುತ್ತಿದ್ದರೂ, ಎಷ್ಟೋ ಸಲ ಆ ಹುಳುಕಿನ ದೆಸೆಯಿಂದಲೇ, ಪ್ರೇಕ್ಷಕರ ಒಂದು ಗುಂಪು ಮತ್ತೆ ಮತ್ತೆ ನೋಡಿ, ಮಾತುಗಳನ್ನು ಬಾಯಿಪಾಠ ಮಾಡಿಕೊಂಡು, ದಶಕಗಳ ಕಾಲ ಉಳಿಸಿಕೊಳ್ಳುವ ಚಲನಚಿತ್ರ. ಆಡುಮಾತಿನಲ್ಲಿ 'ಡಬ್ಬಾ ಪಿಚ್ಚರ್'. ಈ ಹೆಸರು ಬೈಗುಳವೇ ಹೌದು. ಆದರೂ ಟಾಕೀಸಿನಿಂದ ಹೊರಬರುತ್ತ 'ಡಬ್ಬಾ' ಎಂದವನೇ ಮರುದಿನ ಗೆಳೆಯರನ್ನು ಕಟ್ಟಿಕೊಂಡು ಸೆಕೆಂಡ್ ಷೋಗೆ ಹೋಗುವುದುಂಟು. 'ಕಲ್ಟ್ ಸಿನಿಮಾ' ಎಂಬ ಮಾತಿನ ವ್ಯಾಪ್ತಿ ಇದಕ್ಕಿಂತ ದೊಡ್ಡದು. ಅಚ್ಚುಕಟ್ಟಾಗಿ ತೆಗೆದ ಚಿತ್ರಗಳೂ ಅದರೊಳಗೆ ಬರುತ್ತವೆ. ಹೆಚ್ಚು ಹಣ ಸುರಿದು ಯಾರ ಮನಸ್ಸಿಗೂ ತಟ್ಟದೆ ತೋಪೆದ್ದ ಚಿತ್ರ ಇಲ್ಲಿ ಲೆಕ್ಕಕ್ಕಿಲ್ಲ. ನಗೆಪಾಟಲಾಗಲೆಂದು ಬೇಕೆಂದೇ ಕೆಟ್ಟದಾಗಿ ತೆಗೆದದ್ದಕ್ಕೂ ಇಲ್ಲಿ ಜಾಗವಿಲ್ಲ.

ಲೋಕಪ್ರಸಿದ್ಧ ಉದಾಹರಣೆ ಅಮೆರಿಕದ ಎಡ್ ವುಡ್ ನಿರ್ದೇಶಿಸಿದ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್'. 1957ರಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರದ ಹಾರುವ ತಟ್ಟೆಗಳು ದಾರಕ್ಕೆ ಕಟ್ಟಿದ ಆಟಿಕೆಗಳು. ನಟ ಬೆಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು. ಅವರದೊಂದಿಷ್ಟು ಹಳೆಯ ತುಣುಕು ಸೇರಿಸಿ, ಉಳಿದ ಕಡೆ ಇನ್ನೊಬ್ಬರಿಗೆ ನಿಲುವಂಗಿಯಿಂದ ಮುಖ ಮುಚ್ಚಿಸಿ ಕೆಲಸ ಮುಗಿಸಿದರು. 1980ರಲ್ಲಿ ಬಂದ ಒಂದು ಪುಸ್ತಕ ಇದನ್ನು ಈವರೆಗಿನ ಅತಿ ಕೆಟ್ಟ ಚಿತ್ರವೆಂದು ಸಾರಿತು. ಅಲ್ಲಿಂದ ಅದರ ಖ್ಯಾತಿ ಏರಿತು. ಅದನ್ನು ಕಾಣಲು ವುಡ್ ಉಳಿದಿರಲಿಲ್ಲ, 1978ರಲ್ಲಿ ಕಣ್ಮುಚ್ಚಿದ್ದರು. ಟಾಮಿ ವಿಸೋ ಅವರ 'ದ ರೂಮ್' (2003), ಕಾಂತಿ ಷಾ ಅವರ ಹಿಂದಿ ಚಿತ್ರ 'ಗುಂಡಾ' (1998) ಇದೇ ಸಾಲಿನವು. ಮಹಾರಾಷ್ಟ್ರದ ಮಗ್ಗದ ಊರು ಮಾಲೆಗಾಂವಿನಲ್ಲಿ ನಾಸಿರ್ ಶೇಖ್ ಮತ್ತು ಗೆಳೆಯರು 2000ದಲ್ಲಿ 'ಮಾಲೆಗಾಂವ್ ಕೇ ಶೋಲೆ' ತೆಗೆದಾಗ ಕ್ಯಾಮೆರಾ ಮೇಲೆತ್ತಲು ಎತ್ತಿನ ಗಾಡಿಯೇ ಕ್ರೇನಾಯಿತು. ಈ ಚಿತ್ರಗಳನ್ನು ನೋಡಿ ನಗು ಬರುವುದು ನಿಜ. ನಗು ನಿಂತ ಮೇಲೂ ಮನಸ್ಸಿನಲ್ಲಿ ಕೂರುವುದು ಆ ಎತ್ತಿನ ಗಾಡಿ.

ಈ ಸೆಳೆತದ ಬಗ್ಗೆ ಚಿಂತಿಸಿದವರಲ್ಲಿ ಇಬ್ಬರ ವಿಚಾರ ಕನ್ನಡದ ಸಂದರ್ಭಕ್ಕೂ ಹೊಂದುತ್ತದೆ. ಸೂಸನ್ ಸಾಂಟ್ಯಾಗ್ 1964ರ ಪ್ರಬಂಧವೊಂದರಲ್ಲಿ, ಪೂರ್ತಿ ಗಾಂಭೀರ್ಯದಿಂದ ಹೊರಟು ಗುರಿ ಮುಟ್ಟದೆ ಹೋದ ಕೃತಿಗೇ ಒಂದು ಚೆಲುವಿದೆ ಎಂದು ವಾದಿಸಿದರು. ಇಟಲಿಯ ಉಂಬರ್ಟೊ ಎಕೊ ಪ್ರಕಾರ ಆರಾಧನೆಗೆ ಪಾತ್ರವಾಗುವ ಚಿತ್ರ ಬಿಡಿಬಿಡಿಯಾಗಿ ಕಳಚಿಕೊಳ್ಳುವಂತಿರಬೇಕು. ಇಡಿಯಾಗಿ ಬಿಗಿದುಕೊಂಡ ಚಿತ್ರದಿಂದ ಒಂದು ಮಾತನ್ನೋ ಒಂದು ದೃಶ್ಯವನ್ನೋ ಕಿತ್ತು ಜೇಬಿಗೆ ಹಾಕಿಕೊಳ್ಳಲಾಗದು.

ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರ ಬರುವುದು ಸಿಐಡಿ 999 ಸರಣಿ. ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿಐಡಿ 999' 1968ರಲ್ಲಿ, 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' 1969ರಲ್ಲಿ, 'ಆಪರೇಷನ್ ಡೈಮಂಡ್ ರಾಕೆಟ್' 1978ರಲ್ಲಿ ತೆರೆಕಂಡವು. ನಾಲ್ಕರಲ್ಲೂ ಗೂಢಚಾರ ರಾಜ್‌ಕುಮಾರ್. ಜೇಮ್ಸ್ ಬಾಂಡ್ ಚಿತ್ರಗಳು 1962ರಲ್ಲಿ ಶುರುವಾದವು. ಆ ವೈಭವವನ್ನು ಕನ್ನಡದ ಪುಟ್ಟ ಮಾರುಕಟ್ಟೆಯ ಹಣದಲ್ಲಿ ತೋರಿಸಬೇಕಿತ್ತು. ಆಗ ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಹಲಗೆಯ ಮೇಲೆ ಮಿನುಗುವ ಬಲ್ಬು ಜೋಡಿಸಿದರೆ ಅದೇ ಖಳನ ಯಂತ್ರಾಗಾರ. 'ಜೇಡರ ಬಲೆ'ಯ ಕಥೆ ಲೋಹವನ್ನು ಚಿನ್ನವಾಗಿಸುವ ಸೂತ್ರವೊಂದರ ಬೆನ್ನು ಹತ್ತುತ್ತದೆ, ಅಂದರೆ ಅಜ್ಜಿಕಥೆಯ ಸ್ಪರ್ಶಮಣಿಗೇ ಕೋಟು ತೊಡಿಸಿದ ಹಾಗೆ. ಇಂದು ನೋಡಿದರೆ ಬಡಿದಾಟ ಸಡಿಲ, ರಟ್ಟು ರಟ್ಟೆಂದೇ ಕಾಣುತ್ತದೆ.

ಆದರೆ ದೊರೈ–ಭಗವಾನ್ ಕೆಲಸ ಬಾರದವರಾಗಿರಲಿಲ್ಲ. ಮುಂದೆ 'ಕಸ್ತೂರಿ ನಿವಾಸ' (1971), 'ಎರಡು ಕನಸು' (1974) ತೆಗೆದದ್ದು ಇದೇ ಜೋಡಿ. ಹುಳುಕು ಹುಟ್ಟಿದ್ದು ಆಸೆ ದೊಡ್ಡದಾಗಿ ಕೈ ಚಿಕ್ಕದಾದ್ದರಿಂದ. ಅದನ್ನು ದಾಟಿಸುವುದು ರಾಜ್‌ಕುಮಾರ್ ಅವರ ನಂಬಿಕೆ. 'ಬೇಡರ ಕಣ್ಣಪ್ಪ'ದಲ್ಲಿ (1954) ಶಿವನಿಗೆ ಕಣ್ಣು ಕಿತ್ತುಕೊಡುವಾಗ ಇದ್ದ ತನ್ಮಯತೆಯೇ ಇಲ್ಲಿ ಪಿಸ್ತೂಲು ಹಿಡಿದಾಗಲೂ ಇದೆ. 'ಆಪರೇಷನ್ ಡೈಮಂಡ್ ರಾಕೆಟ್'ಗಾಗಿ ಜಿ. ಕೆ. ವೆಂಕಟೇಶ್ ಸಂಯೋಜಿಸಿದ, ರಾಜ್‌ಕುಮಾರ್ ತಾವೇ ಹಾಡಿದ 'ಇಫ್ ಯೂ ಕಮ್ ಟುಡೇ' ಎಂಬ ಇಂಗ್ಲಿಷ್ ಹಾಡು ಅಂತರ್ಜಾಲದ ಕಾಲದಲ್ಲಿ ಕನ್ನಡವೇ ಬಾರದವರ ನಡುವೆಯೂ ಹರಡಿತು. ಪ್ರಾಥಮಿಕ ಶಾಲೆಯಲ್ಲೇ ಓದು ನಿಂತ ಕಲಾವಿದ, ಬಾರದ ಭಾಷೆಯ ಒಂದೊಂದು ಅಕ್ಷರವನ್ನೂ ಶ್ರುತಿಗೆ ಕೂಡಿಸಿ ಹಾಡುತ್ತಾರೆ. ಮೊದಲ ಸಲ ತಮಾಷೆಗೆ ಕೇಳಿದವರು ಹತ್ತನೆಯ ಸಲ ಆ ದನಿಗಾಗಿ ಕೇಳುತ್ತಾರೆ. ಎಕೊ ಹೇಳಿದ ಬಿಡಿ ತುಣುಕಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕನ್ನಡದಲ್ಲಿಲ್ಲ.

ಹುಳುಕನ್ನು ಕಂಡೂ ನಂಬುವ ಈ ನೋಟ ಸಿನಿಮಾಕ್ಕಿಂತ ಹಳೆಯದು. ಉದಾಹರಣೆಗೆ, ಚಿತ್ರದುರ್ಗ ಸೀಮೆ ಮೂಡಲಪಾಯ ಬಯಲಾಟದ ನೆಲ. ತೊಗಲುಗೊಂಬೆಯಾಟವೂ ಇಲ್ಲಿ ಬಾಳಿಬಂದಿದೆ. ಬಯಲಾಟದಲ್ಲಿ ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿದರೆ ಅದೇ ತೆರೆ. ಕಿರೀಟ, ಭುಜಕೀರ್ತಿ ಮರದವೆಂದು, ಮಿಂಚುವುದು ಬಣ್ಣದ ಕಾಗದವೆಂದು ಕೂಸಿಗೂ ಗೊತ್ತು. ಆರ್ಭಟಿಸುವ ರಾವಣ ಬೆಳಗಾದರೆ ನೇಗಿಲು ಹೂಡುವ ಪಕ್ಕದ ಮನೆಯವನು. ಇಷ್ಟೆಲ್ಲ ತಿಳಿದೂ ಮುಖವೀಣೆಯ ದನಿ ಏರಿದಾಗ ಮೈ ನವಿರೇಳುತ್ತದೆ. ಬಯಲಾಟದ ಪ್ರೇಕ್ಷಕ ಹೊಲಿಗೆಯನ್ನೂ ಕಾಣುತ್ತಾನೆ, ದೇವರನ್ನೂ ಕಾಣುತ್ತಾನೆ. ಇಂಥ ಕಣ್ಣಿಗೆ ಸಿಐಡಿ 999ರ ರಟ್ಟಿನ ಯಂತ್ರ ಅಡ್ಡಿಯೇ ಅಲ್ಲ.

ಕಂಪನಿ ನಾಟಕದ ಋಣವನ್ನೂ ಇಲ್ಲಿ ನೆನೆಯಬೇಕು. ಹಳೆಯ ಚಿತ್ರಗಳ 'ಅತಿನಟನೆ' ಎಂದು ನಾವು ಕರೆಯುವುದು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿಗೂ ಮಾತು ಮುಟ್ಟಿಸಲು ಕಲಿತ ವಿದ್ಯೆ. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ರಂಗನಟರು. ಮುಖದ ಹತ್ತಿರ ನಿಂತ ಕ್ಯಾಮೆರಾಕ್ಕೆ ಆ ದನಿ, ಆ ಹುಬ್ಬು ದೊಡ್ಡದಾಗಿ ಕಾಣಿಸಿತು, ಅಷ್ಟೆ.

ಒಳ್ಳೆಯದನ್ನು ಕಾಣದವರು ಮಾತ್ರ ಇಂಥದನ್ನು ಮೆಚ್ಚುತ್ತಾರೆ ಎಂಬ ಟೀಕೆ ನಿಲ್ಲುವುದಿಲ್ಲ. ಇದೇ ಚಿತ್ರದುರ್ಗ ಸೀಮೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ 'ಶಿವಸಂಚಾರ' ತಂಡ ವರ್ಷ ವರ್ಷ ಹೊಸ ನಾಟಕ ಹೊತ್ತು ನಾಡು ತಿರುಗುತ್ತಿದೆ. ಅಲ್ಲಿನ ಬಯಲು ರಂಗಮಂದಿರದಲ್ಲಿ ಹಳ್ಳಿಯ ಜನ ನಾಟಕೋತ್ಸವ ನೋಡುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಯೋಗ, ವ್ಯಾಯಾಮ ಕಲಿಸಿದ ರಾಘವೇಂದ್ರ ಸ್ವಾಮೀಜಿ 'ತಿರುಕ' ಎಂಬ ಹೆಸರಿನಲ್ಲಿ ನಾಟಕಗಳನ್ನೂ ಬರೆದರು. ರಂಗದ ಅಭಿರುಚಿ ಇಷ್ಟು ಬೇರೂರಿದ ಸೀಮೆಯಲ್ಲೇ ಡಬ್ಬಾ ಪಿಚ್ಚರಿಗೂ ಸಿಳ್ಳೆ ಬೀಳುತ್ತದೆ. ಎರಡೂ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಇರಬಲ್ಲವು.

ಚಿತ್ರದುರ್ಗದ ಹೆಸರಿನೊಂದಿಗೆ ಬೆಸೆದ ಚಿತ್ರವೆಂದರೆ ಪುಟ್ಟಣ್ಣ ಕಣಗಾಲರ 'ನಾಗರಹಾವು' (1972). ಇದು ಡಬ್ಬಾ ವರ್ಗಕ್ಕೆ ಸೇರದು. ಇಡೀ ಹಾಡೊಂದನ್ನು ನಿಧಾನಗತಿಯಲ್ಲಿ ಸೆರೆಹಿಡಿದ ಅದರ ಕಸುಬುಗಾರಿಕೆ ಪ್ರಸಿದ್ಧ. ಆದರೂ ಈ ಲೇಖನಕ್ಕೆ ಅದು ಬೇಕು. ಚಿತ್ರಕ್ಕೆ ಆಧಾರವಾದ ಮೂರು ಕಾದಂಬರಿಗಳ ಕರ್ತೃ, ದುರ್ಗದ ಚರಿತ್ರೆಗೆ ಜೀವ ತುಂಬಿದ ತ. ರಾ. ಸುಬ್ಬರಾವ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವು ಕೇರೆಹಾವಾಯಿತೆಂದು ಅವರು ಬೇಸರಪಟ್ಟ ಸಂಗತಿ ಇಂದಿಗೂ ಜನರ ಬಾಯಲ್ಲಿದೆ. ಲೇಖಕರ ಕಣ್ಣಿಗೆ ಕೆಟ್ಟದ್ದನ್ನು ಊರು ಎದೆಗೆ ಹಚ್ಚಿಕೊಂಡಿತು. ಇನ್ನೂ ಸ್ವಾರಸ್ಯವೆಂದರೆ, ಅದೇ ಪುಟ್ಟಣ್ಣ ಅದೇ ಕಥೆಯನ್ನು ಅದೇ ದುರ್ಗದ ಕೋಟೆಗೆ ತಂದು ರಿಷಿ ಕಪೂರ್ ಜೊತೆ 'ಜಹ್ರೀಲಾ ಇನ್ಸಾನ್' (1974) ಎಂದು ಹಿಂದಿಯಲ್ಲಿ ತೆಗೆದರು. ಚಿತ್ರ ಸೋತಿತು. ಬಂಡೆ ಅದೇ, ಬಿಸಿಲು ಅದೇ; ಕಥಾನಾಯಕ ರಾಮಾಚಾರಿಯನ್ನು 'ನಮ್ಮ ಹುಡುಗ' ಎನ್ನುವ ಜನ ಮಾತ್ರ ಅಲ್ಲಿರಲಿಲ್ಲ. ಆರಾಧನೆಯ ಮೂಲವನ್ನು ಚಿತ್ರದೊಳಗೆ ಮಾತ್ರ ಹುಡುಕುವವರು ಈ ಎರಡನ್ನೂ ಒಟ್ಟಿಗಿಟ್ಟು ನೋಡಬೇಕು.

ಹುಳುಕೆಲ್ಲ ತೆಗೆದವರದೇ ಆಗಿರಲಿಲ್ಲ. ರೀಲಿನ ಕಾಲದಲ್ಲಿ ಹೊಸ ಪ್ರಿಂಟು ಮೊದಲು ದೊಡ್ಡ ನಗರಗಳಲ್ಲಿ ಓಡಿ, ಸವೆದು, ಆಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕು ಊರುಗಳಿಗೂ ಕೊನೆಗೆ ಹಳ್ಳಿಯ ಟೂರಿಂಗ್ ಟಾಕೀಸಿಗೂ ಇಳಿಯುತ್ತಿತ್ತು. ಗೀರುಬಿದ್ದ ಪ್ರಿಂಟಿನಲ್ಲಿ ತೆರೆಯ ತುಂಬ ಮಳೆ. ಹರಿದಲ್ಲಿ ಕತ್ತರಿಸಿ ಅಂಟಿಸಿದ್ದರಿಂದ ಖಳ ಕೈ ಎತ್ತುವಷ್ಟರಲ್ಲಿ ನಾಯಕ ಕುದುರೆ ಏರಿರುತ್ತಿದ್ದ. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್ ಇದ್ದರೆ ರೀಲು ಬದಲಿಸುವಾಗಲೆಲ್ಲ ಕತ್ತಲು, ಕೂಗಾಟ. ನೆಲದ ಮರಳಲ್ಲಿ ಕೂತವರು, ಗಾಂಧಿ ಕ್ಲಾಸಿನವರು, ಕತ್ತರಿಸಿಹೋದ ತುಂಡನ್ನು ಪಕ್ಕದವರಿಗೆ ತಾವೇ ಹೇಳಿ ಕಥೆ ಕೂಡಿಸುತ್ತಿದ್ದರು. ಚಿತ್ರದ ಅರ್ಧ ಭಾಗ ನೋಡುಗರ ಬಾಯಲ್ಲಿತ್ತು ಎಂದರೆ ತಪ್ಪಾಗದು.

ಮರುಬಿಡುಗಡೆ ಈ ನಂಟನ್ನು ಕಾಪಾಡಿದ ಇನ್ನೊಂದು ದಾರಿ. ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ನಟಿಸಿದ 'ಓಂ' (1995) ನೂರಾರು ಸಲ ಮತ್ತೆ ತೆರೆಗೆ ಬಂತು. ಸುಮಾರು 20 ವರ್ಷ ಟಿವಿಯಲ್ಲಿ ಬರದಿದ್ದುದರಿಂದ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕಿತ್ತು. ನಿಜ ಜೀವನದ ರೌಡಿಗಳನ್ನು ನಟಿಸಲು ಕರೆತಂದದ್ದರಿಂದ ಅದರ ಒರಟುತನಕ್ಕೆ ಬೇರೊಂದು ಬಿಸಿಯಿದೆ.

ಚಿತ್ರಮಂದಿರಗಳು ಡಿಜಿಟಲ್‌ಗೆ ತಿರುಗಿದ ಮೇಲೆ ರೀಲುಗಳು ಬೇಡವಾದವು. ಭಾರತದಲ್ಲಿ ಹಳೆಯ ಪ್ರಿಂಟುಗಳನ್ನು ಅವುಗಳಲ್ಲಿನ ಬೆಳ್ಳಿಯ ಅಂಶಕ್ಕಾಗಿ ತೂಕಕ್ಕೆ ಮಾರುವ ರೂಢಿ ಮೊದಲಿಂದಲೂ ಇತ್ತು. 'ನಾಗರಹಾವು' 2018ರ ಜುಲೈಯಲ್ಲಿ ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಮರಳಿ ತೆರೆಗೆ ಬಂತು. ಅಂಥ ಆರೈಕೆ ಸಿಗುವುದು ಹೆಸರಾಂತ ಚಿತ್ರಗಳಿಗೆ. ಡಬ್ಬಾ ಎನಿಸಿಕೊಂಡವನ್ನು ಕಾಪಿಡಬೇಕೆಂದು ಯಾರಿಗೂ ಅನ್ನಿಸದ ಕಾರಣ ಮೊದಲು ಕಳೆದುಹೋಗುವುದೂ ಅವೇ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಗುವ ಹೊತ್ತಿಗೆ ಕನ್ನಡದ ಮೊದಲ ವಾಕ್ಚಿತ್ರಕ್ಕೆ 30 ವರ್ಷ. ಆ ಮೂವತ್ತು ವರ್ಷಗಳ ಸಣ್ಣಪುಟ್ಟ ಚಿತ್ರಗಳಲ್ಲಿ ಹಲವು, ಒಳ್ಳೆಯವೋ ಕೆಟ್ಟವೋ ಎಂದು ಯಾರೂ ನಿರ್ಣಯಿಸಲಾಗದಂತೆ, ಹಾಡಿನ ಪುಸ್ತಕಗಳಲ್ಲಿ ಮಾತ್ರ ಉಳಿದಿವೆ.